ಸೊಂಟದಲ್ಲೊಂದು ಪಿಸ್ತೂಲು, ಅದೂ ದಿನಾ!

ಗ್ರೀನ್ ಕಾರ್ಡ್ ಕೈಗೆ ಬಂದ ವಾರವೇ ಗೆಳೆಯನ ಫೋನು. "ಇನ್ನೇನಪ್ಪಾ, ಈಗಲಾದ್ರೂ ಒಂದು ಗನ್ ತಗೋ!"

ಎಚ್-1ಬಿ ವೀಸಾದಲ್ಲಿ ಇರೋ ತನಕ ನನಗೊಂದು ಒಳ್ಳೆ ನೆಪ ಇತ್ತು. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಆ ವೀಸಾದವರು ಬಂದೂಕು ಇಟ್ಟುಕೊಳ್ಳೋದು ಅಮೆರಿಕಾದ ಫೆಡರಲ್ ಕಾನೂನಿನಲ್ಲಿ ಅಪರಾಧ. ಈಗ ಆ ನೆಪ ಹೋಯ್ತು. ಮೇಲಾಗಿ ನಾವಿರೋದು ಟೆಕ್ಸಾಸಿನಲ್ಲಿ. 2021ರ ಸೆಪ್ಟೆಂಬರ್ 1ರಿಂದ ಇಲ್ಲಿ 21 ವರ್ಷ ತುಂಬಿದ, ಬೇರೆ ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸೇ ಇಲ್ಲದೆ ಪಿಸ್ತೂಲು ಸಿಗಿಸಿಕೊಂಡು ಓಡಾಡಬಹುದು. ಪಿಸ್ತೂಲು ಅಂದ್ರೆ 'ಜೇಡರ ಬಲೆ'ಯ ಅಣ್ಣಾವ್ರು ಅಂತಷ್ಟೇ ತಿಳಿದಿದ್ದ ನನ್ನಂಥವನಿಗೆ ಇದು ಇನ್ನೂ ಅರಗಿಲ್ಲ ಬಿಡಿ.

ಗೆಳೆಯನ ಸಲಹೆ ರೂಗರ್ ಎಲ್‌ಸಿಪಿ. ಕಾಲು ಕೇಜಿ ಕಾಫಿಪುಡಿ ಪ್ಯಾಕೆಟ್ಟಿಗಿಂತ ಸ್ವಲ್ಪ ಜಾಸ್ತಿ ತೂಕ, ಅಷ್ಟೇ. "ಜೇಬಲ್ಲಿ ಇದ್ದದ್ದೇ ಗೊತ್ತಾಗಲ್ಲ, ಹೊಸಬರಿಗೆ ಇದೇ ಸರಿ" ಅಂದ. ಕೊಳ್ಳೋ ಮುಂಚೆ ಹೊಡೆದು ನೋಡೋಣ ಅಂತ ರೇಂಜಿಗೆ ಹೋಗಿ ಅದನ್ನೂ, ಜೊತೆಗೆ ಗ್ಲಾಕ್ 19 ಅನ್ನೂ ಬಾಡಿಗೆಗೆ ತಗೊಂಡೆವು. ಗುರಿ ಬರೀ ಏಳು ಗಜ ದೂರ.

ಪುಟಾಣಿ ರೂಗರ್ ನನ್ನ ಮಾನ ಕಳೀತು ಕಣ್ರೀ! ಹಿಡಿಕೆಯಲ್ಲಿ ಎರಡೇ ಬೆರಳು ಹಿಡಿಸತ್ತೆ, ಕಿರುಬೆರಳು ಗಾಳಿಯಲ್ಲಿ. ಹಗುರ ಇರೋದ್ರಿಂದ ಪ್ರತಿ ಗುಂಡಿಗೂ ಕೈಯಲ್ಲೇ ಹಾರುತ್ತೆ. ಗುರಿ ನೋಡೋ ಎರಡು ಗುರುತುಗಳು ಹತ್ತಿರ ಹತ್ತಿರ ಇರೋದ್ರಿಂದ ಕೈ ಒಂದು ಕೂದಲು ಅಲುಗಿದ್ರೂ ಗುಂಡು ಎಲ್ಲೋ. ಎರಡು ಗುಂಡು ಕಾಗದಕ್ಕೇ ತಾಗಲಿಲ್ಲ. ಅದೇ ಗ್ಲಾಕ್ 19, ತುಂಬಿದಾಗ ಹತ್ರ ಹತ್ರ 850 ಗ್ರಾಂ. ಆ ತೂಕವೇ ಒದೆತವನ್ನ ನುಂಗಿಬಿಡುತ್ತೆ. ನನ್ನಂಥ ಅನನುಭವಿಯ ಗುಂಡುಗಳೂ ಊಟದ ತಟ್ಟೆಯಷ್ಟು ಜಾಗದಲ್ಲಿ ಬಿದ್ದವು.

ಅಂದ್ರೆ ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, "ಚಿಕ್ಕದು ತಗೊಳ್ಳಿ" ಅನ್ನೋದು ಪೂರಾ ಉಲ್ಟಾ ಸಲಹೆ. ಚಿಕ್ಕ ಪಿಸ್ತೂಲು ಪಳಗಿದ ಕೈಗೆ ಸರಿ. ಸಿಗ್ ಪಿ365 ಥರದವು 2018ರಿಂದ ಈ ಅಂತರವನ್ನ ಸ್ವಲ್ಪ ಕಮ್ಮಿ ಮಾಡಿವೆ, ಹತ್ತು ಗುಂಡು ಹಿಡಿಸತ್ತೆ. ಆದ್ರೂ ಭೌತಶಾಸ್ತ್ರ ಯಾರ ಮಾತೂ ಕೇಳಲ್ಲ.

ಇನ್ನು 'ದಿನಾ' ಅನ್ನೋದರ ಕಥೆ. ನನ್ನ ದಿನ ನೋಡಿ. ಬೆಳಗ್ಗೆ ಮಗಳನ್ನ ಸ್ಕೂಲಿಗೆ ಬಿಡಬೇಕು. ಫೆಡರಲ್ ಕಾನೂನಿನಂತೆ ಶಾಲೆಯ 1000 ಅಡಿಯೊಳಗೆ ತುಂಬಿದ ಪಿಸ್ತೂಲು ಇಟ್ಟುಕೊಳ್ಳೋಕೆ ರಾಜ್ಯದ ಲೈಸೆನ್ಸು ಬೇಕು. ಲೈಸೆನ್ಸ್ ಬೇಡ ಅನ್ನೋ ಟೆಕ್ಸಾಸ್ ಕಾನೂನು ಅಲ್ಲಿ ಉಪಯೋಗಕ್ಕೆ ಬರಲ್ಲ. ಆಫೀಸಿನಲ್ಲಿ ನಿಷೇಧ. ಪೋಸ್ಟಾಫೀಸಿಗೂ ಒಯ್ಯೋ ಹಾಗಿಲ್ಲ. ಹಾಗಾದ್ರೆ ಕಾರಲ್ಲಿ ಬಿಡೋದಾ? ಇಲ್ಲಿ ಕಾರುಗಳಿಂದಲೇ ಎಷ್ಟೋ ಗನ್‌ಗಳು ಕಳುವಾಗ್ತವೆ. ಸಂಜೆ ಮಗಳು ಓಡಿಬಂದು ಸೊಂಟ ತಬ್ಬಿಕೊಳ್ಳುತ್ತಾಳೆ, ಸರಿಯಾಗಿ ಪಿಸ್ತೂಲು ಇರಬೇಕಾದ ಜಾಗವನ್ನೇ. ಹೀಗೆ ಹಾಕೋದು ತೆಗೆಯೋದು ಮಾಡುವಾಗಲೇ ಎಡವಟ್ಟು ಆಗೋದು. ಗ್ಲಾಕ್‌ನಲ್ಲಿ ಬೆರಳಿಂದ ತಿರುಗಿಸೋ ಸೇಫ್ಟಿ ಬೇರೆ ಇರಲ್ಲ. ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್ಸ್ಟರ್ ಇಲ್ಲದೆ, ಕಾರಿನ ಕೀ ಜೊತೆ ಜೇಬಿಗೆ ಇಳಿಬಿಡೋದು ಹುಚ್ಚುತನ.

ಗೆಳೆಯನಿಗೆ ಅಂದೆ: ತಗೊಂಡ್ರೆ ಗ್ಲಾಕ್ 19ರ ಅಳತೆಯ ಒಂಬತ್ತು ಎಂಎಂ, ಅದರ ಜೊತೆ ಗಟ್ಟಿ ಬೆಲ್ಟು, ಹೋಲ್ಸ್ಟರ್. ಕಡ್ಡಾಯ ಅಲ್ಲದಿದ್ರೂ ಲೈಸೆನ್ಸು. ಅದರ ಪರೀಕ್ಷೆಯಲ್ಲಿ 50 ಗುಂಡು, 250ಕ್ಕೆ 175 ಅಂಕ ಬೇಕು. ಟೆಕ್ಸಾಸ್ ಬಿಸಿಲಿಗೆ ಟೀ ಶರ್ಟ್ ಕೆಳಗೆ ಅಷ್ಟು ದೊಡ್ಡದನ್ನ ಬಚ್ಚಿಡೋಕೆ ಆಗಲ್ಲ ಅಂದ್ರೆ ಚಿಕ್ಕದಕ್ಕೆ ಇಳಿಯೋ ಬದಲು ಬಿಟ್ಟೇ ಹೋಗೋದು ವಾಸಿ. ಗುರಿಗೆ ತಾಗದ ಗುಂಡು ಬೇರೆ ಯಾರಿಗೋ ತಾಗುತ್ತಲ್ಲ ಮಾರಾಯ! ಅವನಿಗೆ ಸಿಟ್ಟು ಬಂತು, ಎರಡು ವಾರ ಫೋನಿಲ್ಲ.

ನನ್ನಾಕೆ ಇಷ್ಟೆಲ್ಲ ಕೇಳಿ ಒಂದೇ ಮಾತು ಕೇಳಿದ್ಲು: "ರಾತ್ರಿ ಅದನ್ನ ಎಲ್ಲಿ ಇಡ್ತೀರಾ?" ಸದ್ಯಕ್ಕೆ ಮೊದಲು ಸೇಫ್ ತರೋದು ಅಂತ ಆಗಿದೆ. ಪಿಸ್ತೂಲಿನ ವಿಷಯ ಆಮೇಲೆ.

ಈ ಕಡೆ ಇರೋ ಕನ್ನಡಿಗರು ಯಾರಾದ್ರೂ ದಿನಾ ಸಿಗಿಸಿಕೊಂಡು ಓಡಾಡ್ತಿದ್ದೀರಾ? ದೇವಸ್ಥಾನಕ್ಕೆ ಹೋದಾಗ ಏನು ಮಾಡ್ತೀರಾ, ಸ್ವಲ್ಪ ಹೇಳಿ.