ಪರದೆಯ ಮೇಲಿನ ಚದುರಂಗ: ಯಾವುದು ಎಲ್ಲಿರಬೇಕು?

ಮರದ ಮಣೆಯ ಮುಂದೆ ಕುಳಿತವನಿಗೆ ಕಾಣುವುದು 64 ಮನೆಗಳು, 32 ಕಾಯಿಗಳು, ಎದುರಾಳಿಯ ಮುಖ, ಇಷ್ಟೆ. ಗಣಕಯಂತ್ರದ ಪರದೆ ಹಾಗಲ್ಲ. ಮಣೆಯ ಮಗ್ಗುಲಲ್ಲಿ ನಡೆಗಳ ಪಟ್ಟಿ, ಅದರ ಸನಿಹದಲ್ಲಿ ಯಂತ್ರದ ಎಣಿಕೆ, ಅಂಚಿನಲ್ಲಿ ಯಾರ ಕೈ ಮೇಲಾಗಿದೆಯೆಂದು ಸಾರುವ ಕಪ್ಪುಬಿಳುಪಿನ ಪಟ್ಟೆ, ಜೊತೆಗೆ ಗಡಿಯಾರ. ಇವುಗಳಲ್ಲಿ ಯಾವುದನ್ನು ಎಲ್ಲಿ ಇಡಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ಹಲವರು ಕ್ಷುಲ್ಲಕ ಪ್ರಶ್ನೆಯೆಂದು ತಳ್ಳಿಹಾಕುತ್ತಾರೆ. ಮಗುವಿನ ಕಣ್ಣು ನೆಟ್ಟಲ್ಲಿಯೇ ಅದರ ವಿಚಾರವೂ ನೆಡುವುದರಿಂದ ನಾನು ಹಾಗೆ ತಳ್ಳಿಹಾಕಲಾರೆ.

ಜರ್ಮನಿಯ ಹ್ಯಾಂಬರ್ಗ್ ನಗರದ ಚೆಸ್‌ಬೇಸ್ ಸಂಸ್ಥೆಯ ‘ಫ್ರಿಟ್ಸ್’ ತಂತ್ರಾಂಶದಲ್ಲಿ ಒಂದೊಂದು ಕಿಟಕಿಯನ್ನೂ ಎಳೆದು ಬೇಕಾದೆಡೆ ಕೂರಿಸಬಹುದು. ಆ ವಿನ್ಯಾಸವನ್ನೇ ಉಳಿಸಿಟ್ಟುಕೊಳ್ಳಲೂಬಹುದು. 2010ರಲ್ಲಿ ಆರಂಭವಾದ, ಶುಲ್ಕವಿಲ್ಲದ ಲಿಚೆಸ್‌ನಲ್ಲಿ ಅಷ್ಟು ಸ್ವಾತಂತ್ರ್ಯವಿಲ್ಲ. ಆದರೆ ಮಣೆಯ ಮೂಲೆಯನ್ನು ಹಿಡಿದೆಳೆದು ಅದನ್ನು ಹಿಗ್ಗಿಸಬಹುದು. ಕಾಯಿಗಳ ಹೆಸರನ್ನು ಇಂಗ್ಲಿಷ್ ಅಕ್ಷರದ ಬದಲು ಚಿತ್ರದಲ್ಲಿ ತೋರಿಸೆಂದು ಹೇಳಬಹುದು. ಈ ಎರಡನೆಯ ಸೌಕರ್ಯವನ್ನು ಕನ್ನಡ ಶಾಲೆಯ ಮಕ್ಕಳ ತಂದೆತಾಯಿಗಳು ಅವಶ್ಯವಾಗಿ ಬಳಸಬೇಕು. ಕುದುರೆಗೆ ‘ಎನ್’ ಏಕೆ, ‘ಕೆ’ ಏಕಲ್ಲ ಎಂಬ ಗೊಂದಲದಲ್ಲಿಯೇ ಎಷ್ಟೋ ಮಕ್ಕಳು ನಡೆಗಳನ್ನು ಓದುವುದನ್ನು ಬಿಟ್ಟುಬಿಡುತ್ತಾರೆ. (‘ಕೆ’ ಅಕ್ಷರ ಅದಾಗಲೇ ರಾಜನ ಪಾಲಾಗಿದೆ.)

ನಮ್ಮ ಸಂಗನಕಲ್ಲಿನಂತಹ ಊರುಗಳಲ್ಲಿ ಮನೆಮಂದಿಗೆಲ್ಲ ಒಂದೇ ಸಣ್ಣ ಪರದೆ. ಅನೇಕ ಕಡೆ ಅದು ಮೊಬೈಲ್ ಫೋನೇ. ಅದನ್ನು ಕೊರತೆಯೆಂದು ಎಣಿಸಬೇಕಿಲ್ಲ. ಫೋನಿನಲ್ಲಿ ಮಣೆಯೇ ಅಗಲವನ್ನೆಲ್ಲ ಆಕ್ರಮಿಸಿ, ಉಳಿದುದು ಕೆಳಕ್ಕೆ ಸರಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯಿಂದ 64 ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ, ಪ್ರತಿ ಅಡ್ಡಸಾಲು ಉದ್ದಸಾಲುಗಳ ಮೊತ್ತ 260 ಆಗುವಂತೆ ಅಂಕೆಗಳನ್ನು ಹೊಂದಿಸಿದರು. ಆ ಚಮತ್ಕಾರವೆಲ್ಲ ಮಣೆಯ ಒಳಗೇ ಇದೆ. ಹೊರಗೊಂದು ಗೆರೆಯೂ ಬೇಕಾಗಲಿಲ್ಲ.

ನನ್ನ ತಕರಾರು ಇರುವುದು ಆ ಕಪ್ಪುಬಿಳುಪಿನ ಪಟ್ಟೆಯ ಮೇಲೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವಪಟ್ಟದ 14ನೆಯ ಆಟ ನಡೆದಾಗ, ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಸರಿಸಿದೊಡನೆ ಪಟ್ಟೆ ಕುಸಿಯಿತು. ಲಕ್ಷಾಂತರ ಪ್ರೇಕ್ಷಕರು ಕ್ಷಣದಲ್ಲಿ ಪಂಡಿತರಾದರು. ಮಣೆಯ ಮುಂದಿದ್ದ 18 ವರ್ಷದ ಗುಕೇಶನಿಗೆ ಪಟ್ಟೆ ಇರಲಿಲ್ಲ. ಆತ ಅದನ್ನು ತಾನೇ ಕಾಣಬೇಕಾಗಿತ್ತು, ಕಂಡ. ಅವನ ಗುರು ವಿಷ್ಣು ಪ್ರಸನ್ನರು ಎಳವೆಯ ವರ್ಷಗಳಲ್ಲಿ ಅವನನ್ನು ಯಂತ್ರದ ಎಣಿಕೆಯಿಂದ ಉದ್ದೇಶಪೂರ್ವಕವಾಗಿ ದೂರವಿಟ್ಟಿದ್ದರು.

ಇದು ಎಲ್ಲ ಮಕ್ಕಳಿಗೂ ಸಲ್ಲುವುದೇ ಎಂದು ಕೇಳುವವರಿದ್ದಾರೆ. ಯಂತ್ರವನ್ನೇ ವರ್ಜಿಸಿರೆಂದು ನಾನು ಹೇಳುತ್ತಿಲ್ಲ. ಸ್ಟಾಕ್‌ಫಿಶ್‌ನ ಲೆಕ್ಕ ಮನುಷ್ಯನ ಲೆಕ್ಕಕ್ಕಿಂತ ಬಹು ಮುಂದಿದೆ. ಮುಖ್ಯವಾದುದು ಅದರ ಕಿಟಕಿ ತೆರೆಯುವ ಸಮಯ. ಆಟ ಮುಗಿದ ಮೇಲೆ ಮಣೆಯನ್ನು ದೊಡ್ಡದಾಗಿಸಿ, ನಡೆಗಳ ಪಟ್ಟಿಯನ್ನು ಬಲಕ್ಕಿಟ್ಟು, ಎಣಿಕೆಯ ಕಿಟಕಿಯನ್ನು ಮುಚ್ಚಿರಿ. ತಾನು ಎಲ್ಲಿ ಎಡವಿದೆನೆಂಬುದನ್ನು ಮಗು ನೋಟುಪುಸ್ತಕದಲ್ಲಿ ಎರಡು ಸಾಲು ಬರೆಯಲಿ. ಆಮೇಲೆ ಆ ಕಿಟಕಿಯನ್ನು ಅದೇ ತೆರೆದು, ತನ್ನ ಎರಡು ಸಾಲಿನೊಡನೆ ಹೋಲಿಸಿ ನೋಡಲಿ.