ಕಾದಿಟ್ಟ ಪ್ರತಿಯನ್ನು ತೆರೆದು ನೋಡಿರಿ

ಮನೆಯ ಆಸ್ತಿಯೆಂದರೆ ಹೊಲ, ತೋಟ, ಬಂಗಾರಗಳಷ್ಟೇ ಎಂದು ಎಣಿಸುತ್ತಿದ್ದ ಕಾಲವೊಂದಿತ್ತು. ಇಂದು ಆ ಎಣಿಕೆಗೆ ಗಣಕಯಂತ್ರದೊಳಗಿನ ಕಡತಗಳನ್ನೂ ಸೇರಿಸಬೇಕಾಗಿದೆ. ಸುಳ್ಯ ತಾಲೂಕಿನ ಬೆಳ್ಳಾರೆಯಂತಹ ಊರಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಅಡಕೆ ತೋಟದ ಇಪ್ಪತ್ತು ವರ್ಷಗಳ ಲೆಕ್ಕ, ಮಕ್ಕಳ ಮದುವೆಯ ಭಾವಚಿತ್ರಗಳು, ಹಿರಿಯರು ತಾವೇ ಕುಳಿತು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಮನೆತನದ ವೃತ್ತಾಂತ, ಎಲ್ಲವೂ ಅಲ್ಲಿವೆ. ಮಳೆಗಾಲದ ಸಿಡಿಲಿಗೆ ಅಂಜಿ ಅವುಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದು ಕಪಾಟಿನಲ್ಲಿ ಇರಿಸಿದ್ದಾರೆ. ಮನೆಯವರು ನಿಶ್ಚಿಂತರು.

ಈ ನಿಶ್ಚಿಂತೆ ಎಷ್ಟು ಗಟ್ಟಿ ಎಂಬುದು ತಿಳಿಯುವುದು ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದ ದಿನ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹೊಸದನ್ನು ಹಾಕಿಸಿ ಕಪಾಟಿನ ಡಿಸ್ಕನ್ನು ಜೋಡಿಸಿದಾಗ, ಇದ್ದ ಕಡತವೇ ಇಲ್ಲದಂತೆ ತೋರುವ ಪ್ರಸಂಗಗಳು ಬರುತ್ತವೆ. ಅದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು, ಕಟ್ಟಿದ ಗಂಟನ್ನು ಬಿಚ್ಚುವ ಸಾಧನ ಇಲ್ಲವಾಗುವುದು. ವಿಂಡೋಸ್ ಎಕ್ಸ್‌ಪಿ ಕಾಲದ ‘ಎನ್‌ಟಿ ಬ್ಯಾಕಪ್’ ಎಲ್ಲ ಕಡತಗಳನ್ನೂ ‘ಬಿಕೆಎಫ್’ ಎಂಬ ಒಂದೇ ಗಂಟಾಗಿ ಕಟ್ಟುತ್ತಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ ಅದನ್ನು ಕೈಬಿಡಲಾಯಿತು. ಇಂತಹ ಗಂಟು ಇರುವವರು, ಹಳೆಯ ಯಂತ್ರ ಇನ್ನೂ ನಡೆಯುತ್ತಿದ್ದರೆ ಅದರಲ್ಲಿಯೇ ಬಿಚ್ಚಿ, ಕಡತಗಳನ್ನು ಬಿಡಿಬಿಡಿಯಾಗಿ ನಕಲು ಮಾಡಿಕೊಳ್ಳುವುದು ಲೇಸು. ವಿಂಡೋಸ್ 7ರಲ್ಲಿ ಕಟ್ಟಿದ ಗಂಟುಗಳ ಸ್ಥಿತಿ ಇಷ್ಟು ಕಷ್ಟದ್ದಲ್ಲ. ಅವುಗಳನ್ನು ಬಿಚ್ಚುವ ಸೌಲಭ್ಯವನ್ನು ವಿಂಡೋಸ್ 11ರ ಕಂಟ್ರೋಲ್ ಪ್ಯಾನೆಲ್‌ನಲ್ಲಿಯೂ ಉಳಿಸಲಾಗಿದೆ.

ಎರಡನೆಯದು, ಅನುಮತಿಯ ತೊಡಕು. ಕಡತಗಳು ಹಳೆಯ ಬಳಕೆದಾರನ ಹೆಸರಿನಲ್ಲಿ ಇರುವುದರಿಂದ ಹೊಸ ವ್ಯವಸ್ಥೆಯು ಪ್ರವೇಶ ನಿರಾಕರಿಸಬಹುದು. ಯಂತ್ರದ ಆಡಳಿತದ ಅಧಿಕಾರ ಉಳ್ಳವರು ಒಡೆತನವನ್ನು ವರ್ಗಾಯಿಸಿಕೊಂಡರೆ ಇದು ಬಗೆಹರಿಯುತ್ತದೆ. ಆದರೆ ಗೂಢಲಿಪಿಯಲ್ಲಿ ಭದ್ರಪಡಿಸಿದ ಕಡತಗಳಿಗೆ ಕೀಲಿಯೇ ಬೇಕು. ಆ ಕೀಲಿಯನ್ನು ಮೊದಲೇ ತೆಗೆದಿರಿಸಿಕೊಳ್ಳಬೇಕು.

ಮೂರನೆಯದು ಕನ್ನಡಿಗರಿಗೇ ವಿಶೇಷವಾದದ್ದು. ಕಡತ ತೆರೆಯುತ್ತದೆ, ಆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ, ಚಿಹ್ನೆಗಳ ಸಾಲು ಕಾಣುತ್ತದೆ. ಅಜ್ಜನ ಬರಹವೇ ಕೆಟ್ಟುಹೋಯಿತೆಂದು ಎದೆಗುಂದಬೇಕಾಗಿಲ್ಲ. ‘ನುಡಿ’, ‘ಬರಹ’ಗಳ ಹಳೆಯ ಆವೃತ್ತಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು, ಆ ಅಕ್ಷರಶೈಲಿ ಹೊಸ ಯಂತ್ರದಲ್ಲಿ ಇಲ್ಲದ್ದರಿಂದ ಮುಸುಕು ಸರಿದು ಒಳಗಿನ ರೋಮನ್ ಕಾಣಿಸಿಕೊಂಡಿದೆ, ಅಷ್ಟೆ. ಹಳೆಯ ಅಕ್ಷರಶೈಲಿಯನ್ನು ಮತ್ತೆ ಅಳವಡಿಸಿದರೆ ಕನ್ನಡ ಮರಳುತ್ತದೆ. ಬಳಿಕ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಮುಂದೆ ಯಾವ ಯಂತ್ರದಲ್ಲಿಯೂ ಓದಬಹುದು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದುಂಟು. ಆದುದರಿಂದ ಮೂಲ ಕಡತವನ್ನು ಅಳಿಸದೆ, ಹೊಸದನ್ನು ಅದರೊಡನೆ ಹೋಲಿಸಿ ತಿದ್ದಬೇಕು.

ಇದು ನಮ್ಮ ನಾಡಿಗೆ ಹೊಸ ಪಾಠವೇನೂ ಅಲ್ಲ. ವಚನಗಳ ತಾಡೋಲೆಗಳು ಮನೆಮನೆಗಳಲ್ಲಿ ಭದ್ರವಾಗಿಯೇ ಇದ್ದವು. ಆದರೆ ಓದುವವರು ವಿರಳರಾಗಿದ್ದರು. ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ, ಓದಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಕಟ್ಟಿಟ್ಟ ಓಲೆ ಜನರ ಓದಿಗೆ ದಕ್ಕಿದ್ದು ಆಗ. ಪ್ರತಿ ಇರುವುದು ಬೇರೆ, ಅದು ಓದಲು ಬರುವಂತಿರುವುದು ಬೇರೆ.

ಆದಕಾರಣ ಓದುಗ ಬಂಧುಗಳಲ್ಲಿ ನಾವು ಕೇಳಿಕೊಳ್ಳುವುದಿಷ್ಟೆ. ಹೊಸ ವ್ಯವಸ್ಥೆಯನ್ನು ಹಾಕಿಸುವ ಮುನ್ನವೇ ಕಾದಿಟ್ಟ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿರಿ. ಒಂದು ಲೆಕ್ಕ, ಒಂದು ಚಿತ್ರ, ಒಂದು ಕನ್ನಡ ಬರಹ, ಈ ಮೂರೂ ಸರಿಯಾಗಿ ತೆರೆದರೆ ಮುಂದಿನ ಹೆಜ್ಜೆ ಇಡಿರಿ. ಹಳೆಯದರ ಮೇಲೆಯೇ ಹೊಸದನ್ನು ಏರಿಸಿದಾಗ ಉಳಿಯುವ ‘ವಿಂಡೋಸ್.ಓಲ್ಡ್’ ಕೋಶವನ್ನು ನೆಚ್ಚಬೇಡಿರಿ. ಸಾಮಾನ್ಯವಾಗಿ 10 ದಿನಗಳ ಬಳಿಕ ಅದು ತಾನಾಗಿ ಅಳಿದುಹೋಗುತ್ತದೆ. ಎಲ್ಲವೂ ಕೈಸೇರಿತೆಂದು ಖಚಿತವಾಗುವವರೆಗೆ ಹಳೆಯ ಡಿಸ್ಕನ್ನು ಗುಜರಿಗೆ ಕೊಡಬೇಡಿರಿ.

ಈ ಕೆಲಸಕ್ಕೆ ಮನೆಯ ಕಿರಿಯರು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಕಡತವನ್ನು ತೆರೆಯುವ ಬಗೆ ಮಕ್ಕಳಿಗೆ ಗೊತ್ತು. ಚಿತ್ರದಲ್ಲಿ ನಿಂತವರು ಯಾರು, ಲೆಕ್ಕದಲ್ಲಿ ಬರೆದ ಸಾಲ ಯಾವುದು ಎಂಬುದು ಹಿರಿಯರಿಗಷ್ಟೇ ಗೊತ್ತು. ಡಿಸ್ಕು ಕೆಟ್ಟರೆ ಇನ್ನೊಂದು ಪ್ರತಿ ಇದ್ದೀತು. ಹಿರಿಯರ ನೆನಪಿಗೆ ಇನ್ನೊಂದು ಪ್ರತಿ ಇಲ್ಲ. ಅವರು ಹೇಳುವುದನ್ನು ಅಂದೇ ಬರೆದು ಕಡತದೊಡನೆ ಸೇರಿಸಿಡಿರಿ.