ಮುಚ್ಚಿದ ಮೆನು ಮುಚ್ಚಿದೆ ಎಂದು ಹೇಳಲಿ

ಜಾಲತಾಣದ ಮೆನು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಕಣ್ಣಿದ್ದವರಿಗೆ ನೋಡಿದೊಡನೆ ತಿಳಿಯುತ್ತದೆ. ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಅದನ್ನು ತಿಳಿಸಬೇಕಾದದ್ದು ಗುಂಡಿಯ ಮೇಲಿರುವ ‘ಏರಿಯಾ-ಎಕ್ಸ್‌ಪ್ಯಾಂಡೆಡ್’ ಎಂಬ ಆಟ್ರಿಬ್ಯೂಟ್. ಅದರಲ್ಲಿ ‘ಟ್ರೂ’ ಇದ್ದರೆ ತೆರೆದಿದೆ, ‘ಫಾಲ್ಸ್’ ಇದ್ದರೆ ಮುಚ್ಚಿದೆ. ಆಟ್ರಿಬ್ಯೂಟೇ ಇಲ್ಲದಿದ್ದರೆ, ಆ ಗುಂಡಿಗೆ ತೆರೆದು ಮುಚ್ಚುವ ಕೆಲಸವೇ ಇಲ್ಲ ಎಂದಾಗುತ್ತದೆ.

ಈ ಮೂರು ಸ್ಥಿತಿಗಳನ್ನು ಪುಟದ ಎಚ್‌ಟಿಎಂಎಲ್ ತಯಾರಿಸುವ ಕೆಲವು ಟೆಂಪ್ಲೇಟುಗಳು ಕಲಸಿಬಿಡುತ್ತವೆ. ಎಚ್‌ಟಿಎಂಎಲ್‌ನಲ್ಲಿ ‘ಡಿಸೇಬಲ್ಡ್’ನಂಥ ಆಟ್ರಿಬ್ಯೂಟುಗಳ ನಿಯಮ ಬೇರೆ: ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಅದಕ್ಕೆ ‘ಫಾಲ್ಸ್’ ಎಂದು ಬರೆದರೂ ಗುಂಡಿ ಒತ್ತಲು ಬಾರದು. ಅಂಥವುಗಳಿಗೆ ಒಪ್ಪುವ ಅನುಕೂಲವನ್ನು ಎಎಸ್‌ಪಿ ಡಾಟ್ ನೆಟ್‌ನ ರೇಜರ್ ಎಂಬ ಟೆಂಪ್ಲೇಟ್ ವ್ಯವಸ್ಥೆ ‘ಏರಿಯಾ-’ ಎಂದು ಶುರುವಾಗುವ ಆಟ್ರಿಬ್ಯೂಟುಗಳಿಗೂ ಹಚ್ಚುತ್ತದೆ. ಬೂಲಿಯನ್ ಫಾಲ್ಸ್ ಕೊಟ್ಟರೆ ಆಟ್ರಿಬ್ಯೂಟ್ ಪುಟದಲ್ಲಿ ಮೂಡುವುದೇ ಇಲ್ಲ. ಟ್ರೂ ಕೊಟ್ಟರೆ ಮೌಲ್ಯದ ಜಾಗದಲ್ಲಿ ಆಟ್ರಿಬ್ಯೂಟಿನ ಹೆಸರೇ ಬಂದು ಕೂರುತ್ತದೆ. ಏರಿಯಾ ನಿಯಮದಲ್ಲಿ ಅದು ಸಿಂಧುವಲ್ಲ. ಎರಡೂ ಸಲ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುವುದರಿಂದ ಪರೀಕ್ಷೆಯಲ್ಲಿ ಯಾರಿಗೂ ಸುಳಿವು ಹತ್ತುವುದಿಲ್ಲ. ‘ಡೇಟಾ-’ ಎಂದು ಶುರುವಾಗುವವಕ್ಕೇನೋ ರೇಜರ್ ವಿನಾಯಿತಿ ಕೊಟ್ಟಿದೆ. ಅದೇ ವಿನಾಯಿತಿ ಏರಿಯಾಗೆ ಏಕಿಲ್ಲ?

ವ್ಯೂ ಚೌಕಟ್ಟಿನ 2ನೇ ಆವೃತ್ತಿಯಲ್ಲೂ ‘ಏರಿಯಾ-ಚೆಕ್ಡ್’ಗೆ ಫಾಲ್ಸ್ ಕೊಟ್ಟರೆ ಅದು ಅಳಿಸಿಹೋಗುತ್ತಿತ್ತು. 2020ರಲ್ಲಿ ಬಂದ 3ನೇ ಆವೃತ್ತಿ ಫಾಲ್ಸನ್ನು ಫಾಲ್ಸ್ ಎಂದೇ ಬರೆಯುತ್ತದೆ, ತೆಗೆದುಹಾಕಬೇಕೆಂದರೆ ನಲ್ ಕೊಡಬೇಕು. ಹಳೆಯ ಕೋಡ್ ಅಲ್ಲಲ್ಲಿ ಮುರಿಯುತ್ತದೆಂದು ಗೊತ್ತಿದ್ದೂ ಮಾಡಿದ ಈ ಬದಲಾವಣೆ ಮೆಚ್ಚತಕ್ಕದ್ದು. ರಿಯಾಕ್ಟ್ ಕೂಡ ಏರಿಯಾದ ಫಾಲ್ಸನ್ನು ಉಳಿಸಿಕೊಳ್ಳುತ್ತದೆ.

ರೇಜರ್‌ನಲ್ಲಿ ಬರೆಯುವವರು ಬೂಲಿಯನ್ನನ್ನು ನೇರವಾಗಿ ಇಡದೆ, ಸಣ್ಣಕ್ಷರದ ‘ಟ್ರೂ’ ಅಥವಾ ‘ಫಾಲ್ಸ್’ ಎಂಬ ಪಠ್ಯವಾಗಿಸಿ ಕೊಡಬೇಕು. ಬರಿದೇ ಟು-ಸ್ಟ್ರಿಂಗ್ ಕರೆದರೆ ಸಾಲದು, ರೇಜರ್ ಬಳಸುವ ಸಿ ಶಾರ್ಪ್ ಭಾಷೆ ಮೊದಲಕ್ಷರವನ್ನು ದೊಡ್ಡದು ಮಾಡುತ್ತದೆ. ಸಾಲಿಗೆ ನಾಲ್ಕು ಪದ ಹೆಚ್ಚಾದೀತು, ಅಷ್ಟೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಡಿಜಿಟಲ್ ಸೇವೆಗಳೂ ಎಲ್ಲರ ಕೈಗೆಟುಕಬೇಕೆಂದು ಹೇಳುತ್ತದೆ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಕನ್ನಡವನ್ನೂ ಓದುತ್ತದೆ. ಹಾಗಿರುವಾಗ ಸರ್ಕಾರಿ ಜಾಲತಾಣಗಳನ್ನು ಗುತ್ತಿಗೆದಾರರಿಂದ ಒಪ್ಪಿಸಿಕೊಳ್ಳುವ ಅಧಿಕಾರಿಗಳು ಟೆಂಪ್ಲೇಟ್ ಕಡತ ನೋಡಿ ಸಹಿ ಹಾಕಬಾರದು. ಬ್ರೌಸರಿಗೆ ತಲುಪಿದ ಎಚ್‌ಟಿಎಂಎಲ್ ತೆರೆಸಿ ನೋಡಲಿ, ಸ್ಕ್ರೀನ್ ರೀಡರನ್ನು ದಿನವೂ ಬಳಸುವ ಒಬ್ಬರಿಂದ ಪ್ರತಿ ಮೆನುವನ್ನೂ ತೆರೆಸಿ, ಮುಚ್ಚಿಸಿ, ಅವರು ಸರಿ ಎಂದ ಮೇಲೆ ಬಿಲ್ ಪಾಸು ಮಾಡಲಿ.